ಕಂಪನ ನುಂಗೋ ತಂತಿ, ಅದರ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ. ಉತ್ತರ ಇಟಲಿಯಲ್ಲಿ ಸಾನ್ ಮಾರ್ತಿನೊ ಇನ್ ರಿಯೊ ಅಂತ ಒಂದೂರು, ಅಲ್ಲಿ ಸಾನ್ ಜಾರ್ಜಿಯೊ ಚರ್ಚಿನ ಹಳೇ ಗಂಟೆಗೋಪುರ 1996ರ ಅಕ್ಟೋಬರ್ ಭೂಕಂಪದಲ್ಲಿ ಚೆನ್ನಾಗೇ ಪೆಟ್ಟು ತಿಂತು. ರಿಪೇರಿ ಮಾಡಿದ ಇಂಜಿನಿಯರುಗಳು ಒಳಗಡೆ ನಾಲ್ಕೂ ಮೂಲೆಗೆ ಉದ್ದುದ್ದ ಸ್ಟೀಲ್ ರಾಡ್ ಹಾಕಿ, ಅದರ ಜೊತೆಗೆ ನಿಕ್ಕಲ್-ಟೈಟಾನಿಯಂ ತಂತಿಗಳ ಡಿವೈಸ್ ಸೇರಿಸಿದ್ರು. 2000ದ ಜೂನಿನಲ್ಲಿ ಮತ್ತೆ ಭೂಮಿ ನಡುಗ್ತು, ಹೆಚ್ಚುಕಮ್ಮಿ ಅಷ್ಟೇ ಜೋರು, ಈ ಸಲ ಗೋಪುರಕ್ಕೆ ಏನೂ ಆಗ್ಲಿಲ್ಲ.

ಈ ಲೋಹಕ್ಕೆ ನಿಟಿನಾಲ್ ಅಂತಾರೆ. ಮಾಮೂಲಿ ಸ್ಟೀಲನ್ನ ಅದರ ಉದ್ದದ 0.2% ಆಸುಪಾಸು ದಾಟಿ ಎಳೆದ್ರೆ ಪೂರ್ತಿ ವಾಪಸ್ ಬರಲ್ಲ, ಇದನ್ನ 6% ಎಳೆದು ಬಿಟ್ರೂ ಬರುತ್ತೆ. ಎಳೆಯುವಾಗ ಒಳಗಿನ ಹರಳಿನ ಜೋಡಣೆ ಆಸ್ಟೆನೈಟ್ ಅನ್ನೋ ರೂಪದಿಂದ ಮಾರ್ಟೆನ್ಸೈಟ್ ಅನ್ನೋ ಇನ್ನೊಂದು ರೂಪಕ್ಕೆ ತಿರುಗುತ್ತೆ, ಬಿಟ್ಟಾಗ ಉಲ್ಟಾ, ಆದ್ರೆ ವಾಪಸ್ ಬರೋದು ಕಮ್ಮಿ ಒತ್ತಡದಲ್ಲಿ, ಹಾಗಾಗಿ ಎಷ್ಟು ಎಳೆದ್ರೆ ಎಷ್ಟು ಒತ್ತಡ ಅಂತ ಗ್ರಾಫ್ ಹಾಕಿದ್ರೆ ಒಂದು ಲೂಪ್ ಸಿಗುತ್ತೆ, ಆ ಲೂಪಿನೊಳಗಿನ ಜಾಗ ಎಷ್ಟೋ ಅಷ್ಟು ಕಂಪನದ ಶಕ್ತಿ ಶಾಖವಾಗಿ ಹೋಯ್ತು ಅಂತ.

ಆ ಲೂಪನ್ನ ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕೋಕೆ ಮಾಡೆಲ್, ಅಂದ್ರೆ ತಂತಿಯ ವರ್ತನೆ ಹೇಳೋ ಸಮೀಕರಣಗಳು ಬೇಕು. 1980ರ ದಶಕದಲ್ಲಿ ತನಾಕಾ ಅನ್ನೋ ಸಂಶೋಧಕರು ಒಂದು ಮಾಡೆಲ್ ಕೊಟ್ರು, 1993ರಲ್ಲಿ ಬ್ರಿನ್ಸನ್ ಅನ್ನೋ ಸಂಶೋಧಕರು ಮಾರ್ಟೆನ್ಸೈಟನ್ನ ಎರಡು ಭಾಗ ಮಾಡಿದ್ರು, ಒತ್ತಡದಿಂದ ಹುಟ್ಟಿದ್ದು ಒಂದು, ತಂಪಿನಿಂದ ಹುಟ್ಟಿದ್ದು ಇನ್ನೊಂದು. ಇವತ್ತಿಗೂ ಕಲಿಯೋರು ಶುರು ಮಾಡೋದಕ್ಕೆ ಅದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಆದ್ರೆ ಜನ ಎಡವೋದು ಶಾಖದ ವಿಷಯದಲ್ಲಿ. ಲ್ಯಾಬಿನಲ್ಲಿ ತಂತಿಯನ್ನ ನಿಧಾನಕ್ಕೆ ಎಳೀತಾರೆ, ಹರಳು ತಿರುಗುವಾಗ ಬಿಡೋ ಶಾಖ ಆರಾಮಾಗಿ ಗಾಳಿಗೆ ಹೋಗುತ್ತೆ. ಭೂಕಂಪದಲ್ಲಿ ಸೆಕೆಂಡಿಗೆ ಒಂದೆರಡು ಸಲ ಎಳೆದು ಬಿಟ್ಟು ಆಗ್ತಿರುತ್ತೆ, ಶಾಖಕ್ಕೆ ಹೋಗೋಕೆ ಟೈಮೇ ಇಲ್ಲ, ತಂತಿ ಬಿಸಿಯಾಗುತ್ತೆ, ಒಂದೊಂದು ಡಿಗ್ರಿ ಏರಿದ್ರೂ ಹರಳು ತಿರುಗೋಕೆ ಬೇಕಾದ ಒತ್ತಡ ಸುಮಾರು 6-7 ಮೆಗಾಪಾಸ್ಕಲ್ ಏರುತ್ತೆ, ಲೂಪ್ ಸಾಮಾನ್ಯವಾಗಿ ಸಣ್ಣಗಾಗುತ್ತೆ. ಅಂದ್ರೆ ನಿಧಾನದ ಟೆಸ್ಟ್ ನಂಬಿ ಲೆಕ್ಕ ಹಾಕಿದವರಿಗೆ ಕಾಗದದ ಮೇಲೆ ಸಿಕ್ಕ ಡ್ಯಾಂಪಿಂಗ್, ಅಂದ್ರೆ ಕಂಪನ ತಗ್ಗಿಸೋ ತಾಕತ್ತು, ಕಟ್ಟಡದಲ್ಲಿ ಸಿಗಲ್ಲ. ದಪ್ಪ ರಾಡಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಅದಕ್ಕೇ ಮಾಡೆಲಿನಲ್ಲಿ ಶಾಖದ ಸಮೀಕರಣ ಇರಲೇಬೇಕು, ಟೆಸ್ಟನ್ನೂ ಕಟ್ಟಡ ಅಲ್ಲಾಡೋ ವೇಗದಲ್ಲೇ ಮಾಡ್ಬೇಕು. ಮೊದಮೊದಲ ಸುತ್ತುಗಳಲ್ಲಿ ತಂತಿ ಸ್ವಲ್ಪ ಸ್ವಲ್ಪ ಉದ್ದ ಉಳಿದುಬಿಡುತ್ತೆ, ಆಮೇಲೆ ಸ್ಥಿರವಾಗುತ್ತೆ, ಅದಕ್ಕೆ ಮೊದಲು ಚೆನ್ನಾಗಿ ಎಳೆದು ಬಿಟ್ಟು ಪಳಗಿಸಿ, ಆಮೇಲೆ ಬಂದ ಅಂಕಿ ತಗೊಳ್ಳಿ.

ಇನ್ನು ತಂತಿ ತರಿಸುವಾಗ ಅದು ಪೂರ್ತಿ ಆಸ್ಟೆನೈಟ್ ಆಗೋ ತಾಪಮಾನ ಎಷ್ಟು ಅಂತ ಬರೆಸಿಕೊಳ್ಳಿ. ನಿಕ್ಕಲ್ ಪ್ರಮಾಣ 0.1% ಆಚೀಚೆ ಆದ್ರೂ ಅದು ಹತ್ತು ಡಿಗ್ರಿ ಜರುಗಬಹುದು, ಚಳಿಗಾಲದ ಬೆಳಗಿನ ಜಾವ ತಂತಿ ಅದಕ್ಕಿಂತ ತಣ್ಣಗಿದ್ರೆ ಎಳೆದದ್ದು ಪೂರ್ತಿ ವಾಪಸ್ ಬರಲ್ಲ. ನಮಸ್ಕಾರ.