ಆಟದ ರಾತ್ರಿಗೆ ಯಾವ ಲೆನ್ಸ್?

ಕೇಳುಗರಿಗೆ ನಮಸ್ಕಾರ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುವ ಹೊತ್ತು ಹತ್ತಿರ ಬಂತು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಎಂದು ಇನ್ನು ಮೇಳಗಳ ತಿರುಗಾಟ ಮುಗಿಯುವ ಮೇ ಕೊನೆಯ ಪತ್ತನಾಜೆಯ ತನಕ ಎಲ್ಲಾದರೊಂದು ಕಡೆ ಆಟ ಇದ್ದೇ ಇರುತ್ತದೆ. ಆಟ ಇರುವಲ್ಲಿ ಕ್ಯಾಮೆರಾ ಹಿಡಿದವರೂ ಇರುತ್ತಾರೆ. ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸಿನಲ್ಲಿ ಒಂದು ತಿರುಗಾಟ ಕಳೆದವರದ್ದು ಈಗ ಒಂದೇ ಪ್ರಶ್ನೆ, ಇನ್ನು ಯಾವುದು ಕೊಳ್ಳಲಿ?

ಏನು ಬೇಕು ಎಂದು ತಿರುಗಿ ಕೇಳಿದರೆ ಪಟ್ಟಿ ಉದ್ದ ಉಂಟು. ಸಭೆಯ ನಡುವೆ ಕೂತೇ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖ ಸಿಗಬೇಕು. ಇಡೀ ರಂಗಸ್ಥಳವೂ ಹಿಡಿಸಬೇಕು. ಗಿರಕಿ ಹೊಡೆದು ದಿಗಿಣ ಹಾರುವಾಗ ಕಾಲು ಕದಡಬಾರದು, ಕತ್ತಲಿನಲ್ಲಿ ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ಕಾಣಬಾರದು. ಬೆಳಗಿನವರೆಗೆ ಹಿಡಿದರೂ ಕೈ ಸೋಲಬಾರದು. ಅಡಿಕೆ ಮಾರಿದ ದುಡ್ಡೆಲ್ಲ ಅದಕ್ಕೇ ಸುರಿಯುವಂತೆಯೂ ಆಗಬಾರದು. ಇಷ್ಟನ್ನೂ ಕೊಡುವ ಲೆನ್ಸನ್ನು ಯಾವ ಕಂಪೆನಿಯೂ ಮಾಡಿಲ್ಲ, ಮಾಡುವ ಲಕ್ಷಣವೂ ಇಲ್ಲ. ಹಾಗಾಗಿ ಯಾವ ಕೊರತೆಯನ್ನು ಬೇರೆ ದಾರಿಯಿಂದ ತುಂಬಿಕೊಳ್ಳಬಹುದು, ಯಾವುದನ್ನು ಏನು ಮಾಡಿದರೂ ತುಂಬಲಾಗದು ಎಂದು ಮೊದಲು ಬೇರೆ ಮಾಡಿಕೊಳ್ಳಬೇಕು.

ದೂರದ ಲೆಕ್ಕದಿಂದ ಶುರು ಮಾಡೋಣ. ಕಾಗದ ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ. ನೀವು ಕೂತಲ್ಲಿಂದ ವೇಷ ಎಷ್ಟು ಮೀಟರ್ ದೂರ ಇದೆಯೋ ಅದನ್ನು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಅಗಲದಿಂದ ಗುಣಿಸಿ, ಲೆನ್ಸಿನ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವ ಫೋಕಲ್ ಲೆಂತಿನಿಂದ ಭಾಗಿಸಿ. ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಕ್ಯಾಮೆರಾ. ಅದರ ಅಗಲ ಕ್ಯಾನನ್‌ನಲ್ಲಿ ಸುಮಾರು 22.3 ಮಿಲಿಮೀಟರ್, ನಿಕಾನ್ ಮತ್ತು ಸೋನಿಯಲ್ಲಿ ಸುಮಾರು 23.5. ಕ್ಯಾನನ್ ಹಿಡಿದು 8 ಮೀಟರ್ ದೂರದಲ್ಲಿ ಕೂತಿದ್ದೀರಿ ಎನ್ನಿ. 50 ಮಿಲಿಮೀಟರ್ ಲೆನ್ಸಿನಲ್ಲಿ ಮೂರೂವರೆ ಮೀಟರ್ ಅಗಲ ಹಿಡಿಸುತ್ತದೆ. 85ರಲ್ಲಿ 2.1 ಮೀಟರ್. 200ರಲ್ಲಿ 90 ಸೆಂಟಿಮೀಟರ್, ಅಂದರೆ ಕಿರೀಟ, ಮುಖ, ಎದೆಪದಕ, ಅಷ್ಟೇ. ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿದರೆ ಇದೇ ಅಂಕೆಗಳು ಎತ್ತರವಾಗುತ್ತವೆ. 85ರಲ್ಲಿ ನಿಂತ ವೇಷ ಕಿರೀಟ ಸಹಿತ ಹೇಗೋ ಹಿಡಿಸೀತು, ಆದರೆ ಹಾರಿದರೆ ಕಿರೀಟದ ತುದಿ ಹೋಯಿತು. 50ರಲ್ಲಿ ಹಾರುವುದಕ್ಕೂ ಜಾಗ ಇರುತ್ತದೆ. 6 ಮೀಟರ್ ಅಗಲದ ರಂಗಸ್ಥಳ ಪೂರ್ತಿ ಬೇಕೆಂದರೆ 30 ಮಿಲಿಮೀಟರ್ ಸಾಕು, ಅದು ನಿಮ್ಮ ಹಳೆಯ 18-55ರಲ್ಲೇ ಉಂಟು.

ಇನ್ನು ಬೆಳಕು. ಎಲ್ಲ ಎಡವುವುದು ಇಲ್ಲಿಯೇ. 18-55ರ ಮೈಮೇಲೆ 3.5-5.6 ಎಂದು ಬರೆದಿರುತ್ತದೆ. ರಿಂಗ್ ತಿರುಗಿಸಿ 55ಕ್ಕೆ ಬರುವಾಗ ಲೆನ್ಸಿನ ಕಿಂಡಿ ಎಫ್ 5.6ಕ್ಕೆ ಇಳಿದಾಗಿರುತ್ತದೆ; ಎಫ್ ಸಂಖ್ಯೆ ದೊಡ್ಡದಾದಷ್ಟು ಬೆಳಕು ಕಡಿಮೆ. ಎಫ್ 1.8ರ ಲೆನ್ಸಿಗೆ ಹೋಲಿಸಿದರೆ ಒಳಗೆ ಬರುವ ಬೆಳಕು ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು. ಎಫ್ 1.8ರಲ್ಲಿ ಸೆಕೆಂಡಿನ 250ನೆಯ ಒಂದು ಪಾಲು ಷಟರ್ ವೇಗಕ್ಕೆ ಐಎಸ್‌ಓ 1600 ಸಾಕಾಗುವ ರಂಗಸ್ಥಳದಲ್ಲಿ, ಎಫ್ 5.6ಕ್ಕೆ ಸುಮಾರು 16000 ಬೇಕು. ಐಎಸ್‌ಓ ಎಂದರೆ ಕ್ಯಾಮೆರಾ ಚಿತ್ರವನ್ನು ಎಷ್ಟು ಬೆಳಗಿಸಿಕೊಳ್ಳಬೇಕೆಂಬ ಅಂಕೆ, ಏರಿಸಿದಷ್ಟೂ ಆ ಮರಳು ಹೆಚ್ಚು. ಐಎಸ್‌ಓ ಏರಿಸುವುದಿಲ್ಲ ಎಂದು ಹಟ ಹಿಡಿದರೆ ಷಟರ್ 25ನೆಯ ಒಂದು ಪಾಲಿಗೆ ಇಳಿಯುತ್ತದೆ. ಆಗ ಕೂತ ಭಾಗವತರು ಸಿಗುತ್ತಾರೆ, ಅವರ ಕೈಯ ಜಾಗಟೆ ಸಿಗುವುದಿಲ್ಲ. ದಿಗಿಣಕ್ಕಂತೂ 500ನೆಯ ಒಂದು ಪಾಲು ಬೇಕು. ಇಮೇಜ್ ಸ್ಟೆಬಿಲೈಸೇಶನ್ ಇದೆಯಲ್ಲ ಎನ್ನುವವರು ಉಂಟು. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು. ವೇಷಧಾರಿಯ ಕಾಲಿನ ಮೇಲೆ ಅದರ ಅಧಿಕಾರ ನಡೆಯದು.

ಅಂಗಡಿಯಲ್ಲಿ 55-250 ಅಥವಾ 70-300 ಕೈಗೆ ಕೊಡುತ್ತಾರೆ. ಹಗುರ, ಅಗ್ಗ, ದೂರದ್ದು ಹತ್ತಿರ ಕಾಣುತ್ತದೆ, ಯಾರಿಗಾದರೂ ಆಸೆ ಹುಟ್ಟಬೇಕು. ಆದರೆ ಉದ್ದದ ತುದಿಯಲ್ಲಿ ಅವೂ 5.6 ಅಥವಾ 6.3. ಹಗಲಿನ ಜಾತ್ರೆಗೆ, ರಥೋತ್ಸವಕ್ಕೆ ಒಳ್ಳೆಯ ಲೆನ್ಸುಗಳೇ. ರಾತ್ರಿಯ ಆಟಕ್ಕೆ ತಂದರೆ ಮೊದಲ ದಿನವೇ ಬೇಸರ.

ಇಲ್ಲಿ ಒಂದು ಭಾಗಾಕಾರ ಉಂಟು, ಅಂಗಡಿಯವರು ಹೇಳುವುದಿಲ್ಲ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ನುಗ್ಗುವ ಕಿಂಡಿಯ ಅಡ್ಡಗಲ ಸಿಗುತ್ತದೆ. 200ನ್ನು 5.6ರಿಂದ ಭಾಗಿಸಿ, 36 ಮಿಲಿಮೀಟರ್. 85ನ್ನು 1.8ರಿಂದ ಭಾಗಿಸಿ, 47 ಮಿಲಿಮೀಟರ್. ಒಂದೇ ಜಾಗದಲ್ಲಿ ಕೂತು ಒಂದೇ ಮುಖವನ್ನು ತೆಗೆದರೆ, ಆ ಮುಖದಿಂದ ಹೆಚ್ಚು ಬೆಳಕು ಹಿಡಿಯುವುದು 85ರ ಲೆನ್ಸೇ. ಮನೆಗೆ ಬಂದು ಚಿತ್ರದ ನಡುಭಾಗವನ್ನಷ್ಟೇ ಕತ್ತರಿಸಿ 200ರಷ್ಟು ಹತ್ತಿರ ಮಾಡಿಕೊಂಡರೆ 24 ಮೆಗಾಪಿಕ್ಸೆಲಿನಲ್ಲಿ ನಾಲ್ಕು ಚಿಲ್ಲರೆ ಉಳಿಯುತ್ತದೆ. ಫೋನಿನಲ್ಲಿ ನೋಡಲು, 8 ಇಂಚಿನ ಪ್ರಿಂಟ್ ಹಾಕಲು ಅಷ್ಟು ಧಾರಾಳ. ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರಕ್ಕೆ ಸಾಲದು, ಒಪ್ಪಿದೆ. ಅಂದರೆ ದೂರದ ಕೊರತೆಯನ್ನು ಕತ್ತರಿ ಸ್ವಲ್ಪಮಟ್ಟಿಗೆ ತುಂಬುತ್ತದೆ. ಬೆಳಕಿನ ಕೊರತೆಗೆ ಅಂಥ ಕತ್ತರಿ ಇಲ್ಲ. ಫ್ಲ್ಯಾಷ್ ಮಾತು ಬೇಡವೇ ಬೇಡ. ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ, ಬಣ್ಣಗಾರಿಕೆಯ ಉಬ್ಬುತಗ್ಗೆಲ್ಲ ಚಪ್ಪಟೆಯಾಗುತ್ತದೆ.

ಹಾಗಾದರೆ 70-200 ಎಫ್ 2.8? ಅದರ ಕಿಂಡಿ 71 ಮಿಲಿಮೀಟರ್, ಆಟಕ್ಕೆ ರಾಜನೇ ಸರಿ. ಆದರೆ ಅಷ್ಟು ದೊಡ್ಡ ಕಿಂಡಿಗೆ ಅಷ್ಟೇ ದೊಡ್ಡ ಗಾಜು ಬೇಕು. ಡಿಎಸ್‌ಎಲ್‌ಆರ್ ಕಾಲದ ಕ್ಯಾನನ್, ನಿಕಾನ್ ಮಾದರಿಗಳು ಒಂದೂವರೆ ಕಿಲೋ ಹತ್ತಿರ ತೂಗುತ್ತವೆ. ಒಂಟಿಕಾಲಿನ ಮೋನೋಪಾಡ್ ಇಲ್ಲದೆ ಎರಡನೇ ಪ್ರಸಂಗದ ಹೊತ್ತಿಗೆ ಭುಜ ಮಾತಾಡಲು ಶುರು ಮಾಡುತ್ತದೆ. ಸಂಭಾವನೆಗೆ ಚಿತ್ರ ತೆಗೆಯುವವರು ಕೊಳ್ಳಲಿ. ಜೂಮ್ ಕೂಡ ಬೇಕು, ಎಫ್ 1.8 ಕೂಡ ಬೇಕು ಎನ್ನುವವರಿಗೆ ಸಿಗ್ಮಾ 2013ರಲ್ಲಿ 18-35 ತಂದಿತು. ತೂಕ 800 ಗ್ರಾಂ ದಾಟುತ್ತದೆ, ಮತ್ತು 35ಕ್ಕೆ ನಿಂತುಬಿಡುತ್ತದೆ. ಎಫ್ 1.8ನ್ನು ಪಡೆಯಲು ಅಲ್ಲಿ ದೂರವನ್ನು ಬಿಟ್ಟುಕೊಡಬೇಕಾಯಿತು.

ನನ್ನ ತೀರ್ಮಾನ ಹೇಳುತ್ತೇನೆ, ಒಪ್ಪದಿದ್ದರೂ ಬೇಸರವಿಲ್ಲ. ಮೊದಲ ನಾಲ್ಕೈದು ಸಾಲಿನಲ್ಲಿ ಜಾಗ ಸಿಗುವವರಿಗೆ 50 ಎಫ್ 1.8. ಕ್ಯಾನನ್‌ನ ಎಸ್‌ಟಿಎಂ ಮಾದರಿ 160 ಗ್ರಾಂ, ಜೇಬಿನಲ್ಲಿ ಹಾಕಿಕೊಳ್ಳಬಹುದು. ಅದಕ್ಕಿಂತ ಹಿಂದೆ ಕೂರುವವರಿಗೆ 85 ಎಫ್ 1.8. ಹಳೆಯ 18-55 ಚೀಲದಲ್ಲೇ ಇರಲಿ, ವೇಷಗಳೆಲ್ಲ ಒಟ್ಟಿಗೆ ರಂಗದಲ್ಲಿರುವ ಒಡ್ಡೋಲಗಕ್ಕೆ ಬೇಕಾಗುತ್ತದೆ.

85ಕ್ಕೂ ಒಂದು ಊನ ಉಂಟು, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಹೋದಾಗ ಗೊತ್ತಾಗುತ್ತದೆ. ಅಲ್ಲಿ ಕಾಲಿಡಲು ಜಾಗವಿಲ್ಲ, ಈ ಲೆನ್ಸಿಗೋ ಕಡಿಮೆಯೆಂದರೆ 80 ಸೆಂಟಿಮೀಟರ್ ದೂರ ಬೇಕು. ಚೌಕಿಗೆ 50 ಅಥವಾ 35 ಸರಿ. ಅಲ್ಲಿಯೂ ಪೂರ್ತಿ 1.8 ತೆರೆಯಬೇಡಿ. ಒಂದೂವರೆ ಮೀಟರಿನಿಂದ 50ರಲ್ಲಿ ಎಫ್ 1.8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಬರೀ 6 ಸೆಂಟಿಮೀಟರ್. ಬಣ್ಣದ ವೇಷದ ಮೂಗಿನ ತುದಿಗೆ ಫೋಕಸ್ ಬಿದ್ದರೆ ಕೆನ್ನೆಯಂಚಿನಲ್ಲಿ ಅಕ್ಕಿಹಿಟ್ಟಿನಿಂದ ಇಟ್ಟ ಚುಟ್ಟಿಯ ಸಾಲು ಮಂಜಾಗುತ್ತದೆ. ಎಫ್ 4ಕ್ಕೆ ಇಳಿಸಿ, ಆಳ 13 ಸೆಂಟಿಮೀಟರ್ ದಾಟುತ್ತದೆ. ಬಣ್ಣ ಹಚ್ಚುವವರು ಹೇಗೂ ಅಲುಗಾಡದೆ ಕನ್ನಡಿ ನೋಡುತ್ತಿರುತ್ತಾರೆ, 60ನೆಯ ಒಂದು ಪಾಲು ನಡೆಯುತ್ತದೆ. ಒಮ್ಮೆ ಅವರನ್ನು ಕೇಳಿಯೇ ಒಳಗೆ ಹೋಗಿ. ರಂಗಸ್ಥಳದಲ್ಲಿ 8 ಮೀಟರ್ ದೂರಕ್ಕೆ 85ರ ಆಳ ಎಫ್ 1.8ರಲ್ಲೂ 60 ಸೆಂಟಿಮೀಟರ್ ಇರುತ್ತದೆ. ಒಂದು ವೇಷಕ್ಕೆ ಸಾಕು. ಇಬ್ಬರ ಯುದ್ಧಕ್ಕೆ ಒಬ್ಬರನ್ನು ಆರಿಸಿಕೊಳ್ಳಬೇಕು.

ಹೊಸ ಲೆನ್ಸ್ ತಂದ ಮೇಲೂ ಕೆಲವು ಚಿತ್ರ ಕಪ್ಪು, ಕೆಲವು ಬಿಳಿ, ಕೆಲವದರಲ್ಲಿ ಅಡ್ಡಪಟ್ಟಿ ಕಂಡರೆ ಲೆನ್ಸನ್ನು ಬಯ್ಯಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದ ಆಂಟಿ-ಫ್ಲಿಕರ್ ಆಯ್ಕೆ ಹಾಕಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಬಿಟ್ಟು ಮೆಕ್ಯಾನಿಕಲ್ ಷಟರ್ ಬಳಸಿ. ವೇಷ ನಿಂತಿದ್ದಾಗ 100ನೆಯ ಒಂದು ಪಾಲಿಗೆ ಬನ್ನಿ.

ಬೇಕಲ ಕೋಟೆಗೋ ಮಧೂರು ದೇವಸ್ಥಾನಕ್ಕೋ ಹೊಸ ಲೆನ್ಸ್ ಬೇಕಿಲ್ಲ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆಯ ಬುರುಜು ಓಡಿಹೋಗುವುದಿಲ್ಲ. 18-55, ಎಫ್ 8, ಹಗಲು ಬೆಳಕು, ಮುಗಿಯಿತು. ಕಡಲ ಗಾಳಿಯ ಉಪ್ಪು ಗಾಜಿಗೆ ಕೂತಿದ್ದರೆ ಒಣ ಬಟ್ಟೆಯಿಂದ ಉಜ್ಜಬೇಡಿ, ಹರಳು ಗೀರುತ್ತದೆ. ಮೊದಲು ಊದುಬುರುಡೆಯಿಂದ ಊದಿ, ಆಮೇಲೆ ಲೆನ್ಸ್ ದ್ರವ ತಾಗಿಸಿದ ಬಟ್ಟೆಯಲ್ಲಿ ಒರೆಸಿ.

ಬಳಸಿದ ಲೆನ್ಸ್ ಕೊಳ್ಳುವವರೇ ಹೆಚ್ಚು, ಅದರಲ್ಲಿ ತಪ್ಪಿಲ್ಲ. ಆದರೆ ಹೊಂದಿಕೆ ನೋಡಿ. ನಿಕಾನ್‌ನ ಹಳೆಯ 50 ಎಫ್ 1.8 ಡಿ ಅಗ್ಗಕ್ಕೆ ಸಿಗುತ್ತದೆ. ಅದರೊಳಗೆ ಮೋಟಾರು ಇಲ್ಲ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲೂ ಇಲ್ಲ. ಎರಡೂ ಸೇರಿದರೆ ಆಟೋಫೋಕಸ್ ಸತ್ತಂತೆಯೇ, ಕುಣಿಯುವ ವೇಷದ ಹಿಂದೆ ಕೈಯಲ್ಲಿ ರಿಂಗ್ ತಿರುಗಿಸುತ್ತಾ ಕೂರಬೇಕು.

ಕೈಗೆತ್ತಿಕೊಂಡ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಇರಲಿ. ಅಂಚಿನಿಂದ ಒಳಗೆ ಜೇಡನ ಬಲೆಯ ಎಳೆಯಂತೆ ಕವಲೊಡೆದದ್ದು ಕಂಡರೆ ಅದು ಶಿಲೀಂಧ್ರ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಗಾಜಿನ ಲೇಪವನ್ನೇ ಅದು ಕೊರೆದಿರಬಹುದು, ಆಗ ಒರೆಸಿದರೂ ಗುರುತು ಹೋಗುವುದಿಲ್ಲ. ಆಮೇಲೆ ಒಂದು ಪತ್ರಿಕೆಯ ಪುಟವನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಅದಕ್ಕೆ ನೇರವಾಗಿಟ್ಟು ಎಫ್ 2.8ರಲ್ಲಿ ತೆಗೆಯಿರಿ. ನಾಲ್ಕು ಮೂಲೆಯ ಅಕ್ಷರಗಳೂ ಸಮನಾಗಿ ಕಾಣಬೇಕು. ಒಂದು ಬದಿ ಮಾತ್ರ ಮಸುಕಾದರೆ ಆ ಲೆನ್ಸ್ ಒಮ್ಮೆ ಬಿದ್ದಿದೆ ಎಂದೇ ಅನುಮಾನ ಪಡಿ.

ನಮ್ಮ ಮಳೆಗಾಲ ಶಿಲೀಂಧ್ರಕ್ಕೆ ಹಬ್ಬ. ಪತ್ತನಾಜೆ ಕಳೆದ ಮೇಲೆ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟರೆ ದೀಪಾವಳಿಗೆ ತೆಗೆಯುವಾಗ ಎಳೆ ಬಿಟ್ಟಿರುತ್ತದೆ. ಗಾಳಿಯಾಡದ 10 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಬಟ್ಟೆಯಲ್ಲಿ ಕಟ್ಟಿದ 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ, ಇಷ್ಟು ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಯಾದರೆ ಮಂದ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಒಳಗಿಡಿ. ಅಡುಗೆಯ ಬಾಣಲೆ ಮಾತ್ರ ಬೇಡ, ಆ ನೀಲಿಗೆ ಕಾರಣವಾದ ಕೋಬಾಲ್ಟ್ ಲವಣ ವಿಷ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ. ಕಳೆದ ತಿರುಗಾಟದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ, ಒಂದೊಂದರ ವಿವರ ತೆರೆದು ಫೋಕಲ್ ಲೆಂತ್ ಬರೆದುಕೊಳ್ಳಿ. ನೂರು ಚಿತ್ರ ನೋಡಿದರೆ ಅಂದಾಜು ಸಿಗುತ್ತದೆ. ಅದರಲ್ಲಿ ಹಾಳಾದವು ಕೈಗೆ ಸಿಗದಷ್ಟು ದೂರದಿಂದ ಹಾಳಾದುವೋ, ಕದಡಿ ಹಾಳಾದುವೋ ಎಂದು ಎರಡು ಗುಂಪು ಮಾಡಿ. ಆಮೇಲೆ 18-55ರ ಜೂಮ್ ರಿಂಗನ್ನು 50ಕ್ಕೆ ತಿರುಗಿಸಿ ಕಾಗದದ ಟೇಪ್ ಸುತ್ತಿ, ಒಂದು ಇಡೀ ರಾತ್ರಿಯ ಆಟಕ್ಕೆ ಹೋಗಿ. ಎಷ್ಟು ಸಲ ಕೈ ಟೇಪಿನ ಕಡೆಗೆ ಹೋಯಿತು, ಹತ್ತಿರ ಬೇಕೆಂದೋ ಅಗಲ ಬೇಕೆಂದೋ, ಎಣಿಸಿ. ಟೇಪ್ ಕಾಗದದ್ದೇ ಆಗಿರಲಿ, ಪ್ಲಾಸ್ಟಿಕ್ ಟೇಪಿನ ಅಂಟು ರಿಂಗಿನ ಗೀರುಗಳಲ್ಲಿ ಕೂತರೆ ತೆಗೆಯುವುದು ಕಷ್ಟ.