ಎರಡು ಕಾರ್ ರೈಡ್ ಇದ್ದರೆ ತಪ್ಪೇನು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮಕ್ಕಳನ್ನೂ ಕರೆದುಕೊಂಡು ಉಪನ್ಯಾಸಕ್ಕೆ ಬಂದಿದ್ದೀರಿ. ಮಕ್ಕಳು ಆಕಳಿಸುವ ಮೊದಲೇ ವಿಷಯಕ್ಕೆ ಬರುತ್ತೇನೆ. ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಮನೆಮಂದಿಯೆಲ್ಲ ಕೂರುವ ಒಂದು ಕಾರ್ ರೈಡ್ ಇದೆ. ಪಕ್ಕದಲ್ಲೇ ಇನ್ನೊಂದು ಬರುತ್ತದೆ. ಆಗ ಹಳೆಯದನ್ನು ತೆಗೆಯಬೇಕಾ, ಉಳಿಸಬೇಕಾ?

ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರ ಮ್ಯಾಜಿಕ್ ಕಿಂಗ್‌ಡಮ್ ಇದೆ. 1971ರಲ್ಲಿ ಪಾರ್ಕ್ ಶುರುವಾದಾಗಿನಿಂದ ಅಲ್ಲೊಂದು ಪುಟ್ಟ ಕಾರುಗಳ ಟ್ರ್ಯಾಕ್ ಇದೆ. ಈಗ ಅದನ್ನು ಟುಮಾರೋಲ್ಯಾಂಡ್ ಸ್ಪೀಡ್‌ವೇ ಅಂತಾರೆ. ಅದೇ ಪಾರ್ಕಿನಲ್ಲಿ 2025ರ ಜುಲೈನಲ್ಲಿ ದೊಡ್ಡದೊಂದು ಕೃತಕ ನದಿಯನ್ನೇ ಮುಚ್ಚಿದರು. ಆ ಜಾಗದಲ್ಲಿ ಕಾರುಗಳೇ ಪಾತ್ರಗಳಾಗಿರುವ ಕಾರ್ಟೂನ್ ಸಿನಿಮಾವೊಂದನ್ನು ಆಧರಿಸಿ ಹೊಸ ರೈಡ್‌ಗಳನ್ನು ಕಟ್ಟುತ್ತಿದ್ದಾರೆ. ಹೊಸ ಕಾರು ಬರುವಾಗ ಹಳೆ ಕಾರು ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತೆ, ಅಲ್ವಾ?

ನಾನು ಮೊದಲು ಕೇಳುವುದು ಒಂದೇ ಮಾತು. ಸ್ಟೀರಿಂಗ್ ಯಾರ ಕೈಯಲ್ಲಿದೆ?

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಆಟೋಪಿಯಾ ಅಂತ ಒಂದು ರೈಡ್ ಇದೆ. 1955ರ ಜುಲೈ 17ರಂದು ಪಾರ್ಕಿನ ಜೊತೆಗೇ ಶುರುವಾಯಿತು. ಅಮೆರಿಕದಲ್ಲಿ ಆಗ ತಾನೇ ದೊಡ್ಡ ಹೆದ್ದಾರಿಗಳ ಕಾಲ ಬರುತ್ತಿತ್ತು. ಮಕ್ಕಳೂ ಆ ರಸ್ತೆಯ ರುಚಿ ನೋಡಲಿ ಅನ್ನುವುದು ಯೋಚನೆ. ಮೊದಮೊದಲು ಟ್ರ್ಯಾಕಿನ ನಡುವೆ ಕಂಬಿಯೇ ಇರಲಿಲ್ಲ. ಕೈಗೆ ಸ್ಟೀರಿಂಗ್ ಸಿಕ್ಕರೆ ಮಕ್ಕಳು ಸುಮ್ನೆ ಇರುತ್ತಾರಾ? ಗುದ್ದಿ ಗುದ್ದಿ ಕಾರುಗಳನ್ನು ನಜ್ಜುಗುಜ್ಜು ಮಾಡಿದರು. ಹತ್ತು ವರ್ಷ ಕಳೆದ ಮೇಲೆ ನಡುವೆ ಕಂಬಿ ಹಾಕಿದರು. ಈಗ ಸ್ಟೀರಿಂಗ್ ತಿರುಗಿಸಿದರೆ ಕಾರು ಆ ಕಡೆ ಈ ಕಡೆ ಸ್ವಲ್ಪ ವಾಲುತ್ತದೆ, ಆಮೇಲೆ ಕಂಬಿಗೆ ತಾಗುತ್ತದೆ. ಪೆಡಲ್ ಒತ್ತಿದರೆ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ವೇಗ ಗಂಟೆಗೆ ಸುಮಾರು 11 ಕಿ.ಮೀ. ಸಂಜೆ ಸಿಲ್ಕ್ ಬೋರ್ಡ್ ದಾಟುವವರು ಅದೇ ಜಾಸ್ತಿ ಅನ್ನಬಹುದು!

ಒಬ್ಬರೇ ಓಡಿಸಬೇಕಾದರೆ 54 ಇಂಚು ಎತ್ತರ ಇರಬೇಕು. ಆದರೆ 32 ಇಂಚಿನ ಕೂಸು ಕೂಡ ಅಪ್ಪನ ಪಕ್ಕ ಕೂರಬಹುದು. ಅಪ್ಪನ ಕಾಲು ಪೆಡಲ್ ಮೇಲೆ, ಮಗಳ ಕೈ ಸ್ಟೀರಿಂಗ್ ಮೇಲೆ. ಕಾರು ಕಂಬಿಗೆ ಟಕ್ ಅಂತ ತಾಗಿದಾಗಲೆಲ್ಲ ಅವಳು ತಾನೇ ತಿರುಗಿಸಿ ಸರಿ ಮಾಡುತ್ತಾಳೆ. ಆ ರೈಡಿನ ಮಜವೆಲ್ಲ ಅಲ್ಲೇ ಇದೆ.

ಇದರ ಪಕ್ಕದಲ್ಲಿ ಫ್ಲಾರಿಡಾದ್ದೇ ಇನ್ನೊಂದು ಪಾರ್ಕ್, ಎಪ್‌ಕಾಟ್‌ನ ಟೆಸ್ಟ್ ಟ್ರ್ಯಾಕ್ ಇಟ್ಟು ನೋಡಿ. ಅದೂ ಕಾರೇ. ಗಂಟೆಗೆ ನೂರು ಕಿ.ಮೀ. ದಾಟುತ್ತದೆ. ಗಾಳಿಗೆ ಕೂದಲೆಲ್ಲ ಕೆದರುತ್ತದೆ. ಆದರೆ ಓಡಿಸುವುದು ಕಂಪ್ಯೂಟರ್. ಕೂತವರು ಬರೀ ಪ್ರಯಾಣಿಕರು. ಇದನ್ನೂ ಅದನ್ನೂ ಒಂದೇ ಲೆಕ್ಕಕ್ಕೆ ಹಿಡಿಯುವವರು ಆಫೀಸಿನಲ್ಲಿ ಕೂತು ಪಾರ್ಕಿನ ನಕ್ಷೆ ನೋಡುವವರೇ ಇರಬೇಕು.

ನಿಜವಾಗಿಯೂ ಒಂದೇ ಥರದವು ಎರಡಿದ್ದರೆ? ಆಗ ನಾನು ಹಟ ಮಾಡುವುದಿಲ್ಲ. ಡಿಸ್ನಿಲ್ಯಾಂಡ್‌ನಲ್ಲೇ ಒಂದು ಕಾಲಕ್ಕೆ ಮೂರು ಆಟೋಪಿಯಾ ಇದ್ದವು. ಪುಟ್ಟ ಮಕ್ಕಳದ್ದನ್ನು 1966ರಲ್ಲಿ ತೆಗೆದು, ವಾಲ್ಟ್ ಡಿಸ್ನಿ ಬಾಲ್ಯ ಕಳೆದ ಮಾರ್ಸೆಲೀನ್ ಊರಿಗೆ ಕೊಟ್ಟರು. ಉಳಿದ ಎರಡು ಅಕ್ಕಪಕ್ಕದ ಟ್ರ್ಯಾಕ್‌ಗಳು. 1999ರಲ್ಲಿ ಒಂದನ್ನು ಮುಚ್ಚಿ, ಮರುವರ್ಷ ಎರಡನ್ನೂ ಸೇರಿಸಿ ದೊಡ್ಡದು ಮಾಡಿದರು. ಸರಿಯಾದ ಕೆಲಸವೇ.

ಪೆಟ್ರೋಲ್ ಹೊಗೆಯ ಬಗ್ಗೆ ಇಲ್ಲಿ ಜಗಳವೇ ಬೇಡ. ಮಕ್ಕಳ ಮೂಗಿನ ಎತ್ತರಕ್ಕೇ ಹೊಗೆ ಬಿಡುವ ಇಂಜಿನ್ ಯಾರಿಗೂ ಬೇಕಿಲ್ಲ. ಹಾಂಗ್‌ಕಾಂಗ್‌ನ ಆಟೋಪಿಯಾ 2006ರಲ್ಲೇ ಬ್ಯಾಟರಿಯಲ್ಲಿ ಓಡುತ್ತಿತ್ತು. ಆದರೂ 2016ರಲ್ಲಿ ಅದನ್ನು ಮುಚ್ಚಿಬಿಟ್ಟರು. ಟೋಕಿಯೋದಲ್ಲಿದ್ದ ಅಂಥದ್ದೇ ಟ್ರ್ಯಾಕ್ 2017ರಲ್ಲಿ ಹೋಯಿತು. ಅಂದರೆ ಹೊಗೆಗಿಂತ ದೊಡ್ಡ ಶತ್ರು ಜಾಗ. ಇಂಥ ಟ್ರ್ಯಾಕ್ ಎಕರೆಗಟ್ಟಲೆ ನುಂಗುತ್ತದೆ. ಹೊಸ ರೈಡಿಗೆ ಜಾಗ ಹುಡುಕುವವರ ಕಣ್ಣು ಮೊದಲು ಬೀಳುವುದೂ ಅದರ ಮೇಲೇ.

ಈಗ ನಮ್ಮೂರಿಗೆ ಬರೋಣ. ಬಿಡದಿಯ ವಂಡರ್‌ಲಾ 2005ರಿಂದ ಇದೆ. ಜಯಮಹಲ್ ಕಡೆ ಫನ್ ವರ್ಲ್ಡ್ ಇದೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ ಅಂದುಕೊಳ್ಳುತ್ತೇನೆ. ಕಾರ್ ರೈಡ್ ಅಂದರೆ ನಮಗೆ ಮಾತ್ರ ನೆನಪಾಗುವುದು ಡ್ಯಾಶಿಂಗ್ ಕಾರ್. ಮೇಲೆ ತಂತಿ ಜಾಲರಿ, ಕೆಳಗೆ ಲೋಹದ ನೆಲ, ಕಾರಿನ ಹಿಂದೆ ಉದ್ದನೆ ಕೋಲು. ಕೋಲಿನಿಂದ ಕರೆಂಟ್ ಇಳಿದು ಮೋಟಾರ್ ತಿರುಗಿಸಿ ನೆಲಕ್ಕೆ ಹೋಗುತ್ತದೆ. ಸುತ್ತ ದಪ್ಪ ರಬ್ಬರ್. ಸ್ಟೀರಿಂಗ್ ಇಲ್ಲೂ ನಮ್ಮ ಕೈಯಲ್ಲೇ. ಆದರೆ ಆಟವೇ ಗುದ್ದುವುದು. ಸೊಂಟ ನೋವಿನ ಅಜ್ಜಿ, ಗರ್ಭಿಣಿ ಅತ್ತಿಗೆ, ಮಡಿಲ ಕೂಸು, ಇವರೆಲ್ಲ ಕಟಕಟೆ ಆಚೆ ಬ್ಯಾಗು ಹಿಡಿದು ನಿಲ್ಲಬೇಕು. ಅದಕ್ಕೇ ಡ್ಯಾಶಿಂಗ್ ಕಾರ್ ಇದ್ದ ಮಾತ್ರಕ್ಕೆ ನಿಧಾನದ ಟ್ರ್ಯಾಕ್ ಬೇಡ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿರುವ ಲೆಗೊಲ್ಯಾಂಡ್‌ನವರು ಇನ್ನೊಂದು ದಾರಿ ಹಿಡಿದರು. 1968ರಿಂದಲೂ ಅಲ್ಲಿ ಮಕ್ಕಳ ಡ್ರೈವಿಂಗ್ ಸ್ಕೂಲ್ ಇದೆ. ಕಂಬಿ ಇಲ್ಲ, ಗುದ್ದುವಂತೆಯೂ ಇಲ್ಲ. ಸಿಗ್ನಲ್ ನೋಡಿ ನಿಲ್ಲಬೇಕು. ಕೊನೆಗೆ ಲೈಸೆನ್ಸ್ ಕೂಡ ಕೊಡುತ್ತಾರೆ! ಹೆಚ್ಚು ಜಾಗ ಇಲ್ಲದ ಬೆಂಗಳೂರಿನ ಪಾರ್ಕಿಗೆ ಇದು ಚೆನ್ನಾಗಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಕಾರ್ ಬ್ಯಾಟರಿಯದ್ದಾಗಿರಲಿ, ಲೇನ್ ಬಿಟ್ಟು ನುಗ್ಗಿದರೆ ಮಾತ್ರ ಲೈಸೆನ್ಸ್ ಬೇಡ.

ಇರುವ ಟ್ರ್ಯಾಕನ್ನು ಪೂರ್ತಿ ಕೀಳಲೇಬೇಕು ಅಂತಲೂ ಇಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನವರು ಪಕ್ಕದಲ್ಲಿ ಹೊಸ ರೋಲರ್ ಕೋಸ್ಟರ್ ಕಟ್ಟಲು 2019ರಲ್ಲಿ ಸ್ಪೀಡ್‌ವೇಯ ದಾರಿಯನ್ನು ಸ್ವಲ್ಪ ತಿರುಗಿಸಿ ಮೊಟಕು ಮಾಡಿದರು. ಕೋಸ್ಟರ್ 2023ರಲ್ಲಿ ಶುರುವಾಯಿತು. ಪುಟ್ಟ ಕಾರುಗಳೂ ಉಳಿದವು.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳುವವರು ಕೈ ಎತ್ತಿ, 54 ಇಂಚಿಗಿಂತ ಕಡಿಮೆ ಇರುವವರಿಗೆ ಮೊದಲ ಅವಕಾಶ.