ಆಯಿಗೆ ಬಂದ ಮರೆವು ನಮಗೂ ಬರುತ್ತದೆಯೇ?

[ದೃಶ್ಯ: ಹುಬ್ಬಳ್ಳಿಯ ದುರ್ಗದಬೈಲ್, ಬೆಳಗಿನ ಸಂತೆಯ ಗದ್ದಲ]

ನಮಸ್ಕಾರ. ಮನೆಯಲ್ಲಿ ಒಬ್ಬರಿಗೆ ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಂದರೆ ಉಳಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಮನೆ ಮಾಡುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಒಲೆಯ ಮೇಲಿನ ಹಾಲು ಮರೆತು ಉಕ್ಕಿದಾಗ, ಪರಿಚಯದವರ ಹೆಸರು ನಾಲಿಗೆಯ ತುದಿಗೆ ಬಂದು ನಿಂತಾಗ ಅದು ತಾನಾಗಿ ತಲೆ ಎತ್ತುತ್ತದೆ: ನನಗೂ ಶುರುವಾಯಿತೇ?

ನಮ್ಮ ಆಯಿಗೆ, ಅಂದರೆ ಅವ್ವನ ತಾಯಿಗೆ, ಈ ಕಾಯಿಲೆ ಇತ್ತು. ಆಮೇಲೆ ದೊಡ್ಡವ್ವನಿಗೆ ಬಂತು. ಈಗ ಅವ್ವ ತನ್ನ ಪ್ರತಿಯೊಂದು ಮರೆವನ್ನೂ ಅನುಮಾನದಿಂದ ನೋಡುತ್ತಾಳೆ. ನಾನೂ ಅಷ್ಟೇ.

[ದೃಶ್ಯ: ಮಿದುಳಿನ ಚಿತ್ರ, ಒಳಭಾಗಕ್ಕೆ ಬಣ್ಣ ತುಂಬುತ್ತದೆ]

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಮಹಿಳೆ ಬಂದರು. ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ಅವರನ್ನು ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಎರಡು. ನರಕೋಶಗಳ ಹೊರಗೆ ಜಮೆಯಾದ ಗಂಟುಗಳು, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಮೊದಲನೆಯದು ಅಮಿಲಾಯ್ಡ್ ಎಂಬ ಪ್ರೋಟೀನ್, ಎರಡನೆಯದು ಟೌ. ಮರೆವು ಕಣ್ಣಿಗೆ ಬೀಳುವ ಹತ್ತು ಹದಿನೈದು ವರ್ಷ ಮೊದಲೇ ಇವು ಶೇಖರವಾಗತೊಡಗುತ್ತವೆ ಎಂಬುದು ಈಗ ಗೊತ್ತಾಗಿದೆ.

ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗಕ್ಕೆ. ಹೊಸ ನೆನಪುಗಳು ನಿಲ್ಲಲು ಬೇಕಾದ ಜಾಗ ಅದು. ಹಳೆಯ ನೆನಪುಗಳು ಮಿದುಳಿನ ಬೇರೆ ಭಾಗಗಳಲ್ಲೂ ನೆಲೆಯೂರಿರುತ್ತವೆ. ಆದ್ದರಿಂದಲೇ ಬೆಳಗಿನ ಉಪ್ಪಿಟ್ಟು ನೆನಪಿರದ ಆಯಿಗೆ ತನ್ನ ಮದುವೆಯಲ್ಲಿ ಯಾರು ಮುನಿಸಿಕೊಂಡು ಎದ್ದುಹೋದರು ಎಂಬುದು ಹೆಸರು ಸಹಿತ ನೆನಪಿತ್ತು.

ನಮ್ಮ ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಅವರು ಹೋಗಿ ಬಹಳ ವರ್ಷಗಳಾದ ಮೇಲೂ ಹೊತ್ತು ಇಳಿಯುತ್ತಿದ್ದಂತೆ ಆಯಿ ಚಡಪಡಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಹೀಗೆ ಗೊಂದಲ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. "ಅವರ ಪಾಳಿಯ ಹೊತ್ತಾಯಿತು, ಡಬ್ಬಿ ಕಟ್ಟಬೇಕು" ಎಂದು ಸ್ಟೀಲಿನ ಡಬ್ಬಿ ಹುಡುಕುತ್ತಿದ್ದಳು. ಅಜ್ಜ ಇಲ್ಲ ಎಂದು ತಿಳಿಹೇಳಿದರೆ ಅವಳಿಗೆ ಅದು ಆಗಷ್ಟೇ ಬಂದ ಸಾವಿನ ಸುದ್ದಿ. ಅಳುತ್ತಿದ್ದಳು. ಅತ್ತದ್ದನ್ನು ಮರೆತು ಮತ್ತೆ ಡಬ್ಬಿ ಕೇಳುತ್ತಿದ್ದಳು. ಚಿಗವ್ವ ಅವಳನ್ನು ತಿದ್ದಲು ಹೋಗುತ್ತಿರಲಿಲ್ಲ. "ಡಬ್ಬಿಗೆ ಏನು ಹಾಕೋಣ ಅವ್ವಾ?" ಎಂದು ಪಕ್ಕದಲ್ಲಿ ಕೂರುತ್ತಿದ್ದಳು. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಡಬ್ಬಿಯ ಮುಚ್ಚಳ ಒತ್ತಿ ಹಾಕಿದ ಮೇಲೆ ಆಯಿಯ ಕೈ ಸುಮ್ಮನಾಗುತ್ತಿತ್ತು. ಇವರನ್ನು ನೋಡಿಕೊಳ್ಳುವವರಿಗೆ ತಜ್ಞರು ಹೇಳುವುದೂ ಇದನ್ನೇ: ವಾದಕ್ಕೆ ಇಳಿಯಬೇಡಿ, ಆ ಮಾತಿನ ಹಿಂದಿರುವ ಕಳವಳಕ್ಕೆ ಉತ್ತರ ಕೊಡಿ.

[ತೆರೆಯ ಮೇಲೆ: ಯಾವ ಮರೆವಿಗೆ ಹೆದರಬೇಕು?]

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಹೆಸರು ಮರೆತು ಅರ್ಧ ಗಂಟೆಯ ನಂತರ ನೆನಪಾಗುವುದು ಬಹುಪಾಲು ವಯಸ್ಸಿನ ಸಹಜ ಮರೆವು. ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಮತ್ತೆ ಮತ್ತೆ ಕೇಳುವುದು, ವರ್ಷಗಟ್ಟಲೆ ಓಡಾಡಿದ ಓಣಿಯಲ್ಲಿ ದಾರಿ ತಪ್ಪುವುದು, ಕಿರಾಣಿ ಅಂಗಡಿಯ ಲೆಕ್ಕ ತಿಳಿಯದಾಗುವುದು, ಕೈಗೆ ಒಗ್ಗಿದ ಅಡುಗೆಯ ಕ್ರಮವೇ ತಪ್ಪುವುದು, ಇವನ್ನು ಕಂಡರೆ ವೈದ್ಯರ ಬಳಿ ಹೋಗಬೇಕು. ನಾವು ಹೋಗುವುದಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗುತ್ತೇವೆ. ದೊಡ್ಡವ್ವನ ವಿಷಯದಲ್ಲಿ ಹೀಗೆಯೇ ಕಾಲ ಕಳೆಯಿತು. ಅದು ನನಗೆ ಇಂದಿಗೂ ನೋವಿನ ಸಂಗತಿ.

[ತೆರೆಯ ಮೇಲೆ: ರಕ್ತದಲ್ಲಿ ಬರುತ್ತದೆಯೇ?]

ಈಗ ಆ ಮುಖ್ಯ ಪ್ರಶ್ನೆ. ಒಂದು ಬಗೆಯ ಅಲ್ಝೈಮರ್ ನೇರವಾಗಿ ವಂಶದಲ್ಲಿ ಇಳಿಯುತ್ತದೆ. ಮೂರು ಜೀನ್‌ಗಳಲ್ಲಿ ಯಾವುದಾದರೊಂದರಲ್ಲಿ ದೋಷವಿದ್ದರೆ ಸಾಮಾನ್ಯವಾಗಿ ಅರವತ್ತೈದಕ್ಕೂ ಮೊದಲೇ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಆ ದೋಷ ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಆದರೆ ಈ ಬಗೆ ಬಹಳ ಅಪರೂಪ, ಒಟ್ಟು ರೋಗಿಗಳಲ್ಲಿ ಸುಮಾರು ಶೇ. 1 ಅಥವಾ ಅದಕ್ಕಿಂತ ಕಡಿಮೆ.

ನಮ್ಮ ಆಯಿಯಂತೆ ಎಪ್ಪತ್ತು ದಾಟಿದ ಮೇಲೆ ಬರುವುದರ ಕಥೆ ಬೇರೆ. ಅಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಎಪಿಒಇ ಎಂಬ ಜೀನ್. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎಲ್ಲರಲ್ಲೂ ಅದರ ಎರಡು ಪ್ರತಿಗಳಿರುತ್ತವೆ. ಇ4 ಎಂಬ ಬಗೆಯ ಪ್ರತಿ ಇದ್ದರೆ ಅಪಾಯ ಹೆಚ್ಚು, ಎರಡಿದ್ದರೆ ಇನ್ನೂ ಹೆಚ್ಚು. ಆದರೂ ಇ4 ಇದ್ದೂ ಕಾಯಿಲೆ ಬಾರದವರಿದ್ದಾರೆ, ಇ4 ಇಲ್ಲದೆಯೂ ಬಂದವರಿದ್ದಾರೆ. ತಾಯಿಗೆ ಇತ್ತು ಎಂದರೆ ಅಪಾಯ ಸ್ವಲ್ಪ ಏರುತ್ತದೆ ಎಂದಷ್ಟೇ ಅರ್ಥ, ಮಗಳಿಗೆ ಬಂದೇ ತೀರುತ್ತದೆ ಎಂದಲ್ಲ. ಈ ಎರಡು ಮಾತುಗಳ ನಡುವಿನ ಅಂತರವನ್ನು ಅವ್ವನಿಗೆ ಮೊದಲೇ ಯಾರಾದರೂ ಹೇಳಿದ್ದರೆ ಅವಳ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ನಮ್ಮ ಕೈಯಲ್ಲಿರುವುದೂ ಕಡಿಮೆಯಲ್ಲ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಬದಲಿಸಬಹುದಾದ 14 ಅಪಾಯಗಳನ್ನು ಗುರುತಿಸಿತು. ಅವನ್ನೆಲ್ಲ ನೀಗಿಸಿದರೆ ಜಗತ್ತಿನ ಮರೆಗುಳಿ ಕಾಯಿಲೆಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಧೂಮಪಾನ, ಒಂಟಿತನ ಆ ಪಟ್ಟಿಯಲ್ಲಿವೆ. ಕಿವಿ ಮಂದವಾಗುವುದೂ ಇದೆ, ಅದನ್ನೇ ನಾವು ಕಡೆಗಣಿಸುವುದು. ಕಿವಿ ಕೇಳದ ಹಿರಿಯರು ಮಾತಿನಿಂದ ಹಿಂದೆ ಸರಿಯುತ್ತಾರೆ, ಮೂಲೆ ಹಿಡಿಯುತ್ತಾರೆ. ಮಗಳ ಮದುವೆಗೆ ಲಕ್ಷಗಟ್ಟಲೆ ಸಾಲ ಮಾಡುವ ಮನೆಯಲ್ಲಿ ತಂದೆಗೆ ಶ್ರವಣಯಂತ್ರ ಮಾತ್ರ ದುಬಾರಿಯಾಗುತ್ತದೆ.

ಕಳೆದ ವರ್ಷ ಅವ್ವ ಧಾರವಾಡದ ಲೈನ್ ಬಜಾರಿಗೆ ಹೋದವಳು ಏನು ತರಲು ಬಂದೆ ಎಂಬುದು ಹೊಳೆಯದೆ ಬರಿಗೈಯಲ್ಲಿ ಮರಳಿದಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತು, "ನನ್ನ ಸರದಿ ಬಂತು" ಎಂದಳು. ವೈದ್ಯರು ನೆನಪಿನ ಪರೀಕ್ಷೆ ಮಾಡಿದರು, ಗಡಿಯಾರದ ಚಿತ್ರ ಬರೆಸಿದರು, ರಕ್ತ ತೆಗೆಸಿದರು. ಬಿ12 ಜೀವಸತ್ವ ತೀರಾ ಕಡಿಮೆ ಇತ್ತು. ಅದು ಮಾಂಸ, ಮೊಟ್ಟೆ, ಹಾಲಿನಂಥ ಆಹಾರದಲ್ಲಷ್ಟೇ ಸಿಗುವುದರಿಂದ ಸಸ್ಯಾಹಾರಿ ಮನೆಗಳಲ್ಲಿ ಈ ಕೊರತೆ ಹೆಚ್ಚು. ಥೈರಾಯ್ಡ್ ಕೊರತೆ, ಖಿನ್ನತೆ, ಕೆಲವು ನಿದ್ದೆಯ ಮಾತ್ರೆಗಳು, ತಲೆಗೆ ಬಿದ್ದ ಹಳೆಯ ಪೆಟ್ಟು ಸಹ ಮರೆವು ತರಬಲ್ಲವು, ಇವುಗಳಲ್ಲಿ ಹಲವಕ್ಕೆ ಪರಿಹಾರ ಇದೆ. ಚುಚ್ಚುಮದ್ದಿನ ನಂತರ ಅವ್ವ ಚೇತರಿಸಿಕೊಂಡಳು. ಭಯ ಪೂರ್ತಿ ಹೋಗಿಲ್ಲ.

ಅಲ್ಝೈಮರ್ ಎಂದೇ ಖಚಿತವಾದರೆ? ಡೊನೆಪೆಜಿಲ್, ಮೆಮಾಂಟಿನ್ ಮುಂತಾದ ಮಾತ್ರೆಗಳು ಕೆಲವರಿಗೆ ಕೆಲಕಾಲ ಅನುಕೂಲ ಮಾಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. 2023ರಲ್ಲಿ ಅಮೆರಿಕ ಪೂರ್ಣ ಅನುಮೋದನೆ ಕೊಟ್ಟ ಲೆಕಾನೆಮ್ಯಾಬ್ ಎಂಬ ಔಷಧ ಆರಂಭದ ಹಂತದಲ್ಲಿ ವೇಗವನ್ನು ತುಸು ತಗ್ಗಿಸುತ್ತದೆ, ಆದರೆ ಮಿದುಳಿನಲ್ಲಿ ಬಾವು ಮತ್ತು ರಕ್ತಸ್ರಾವದ ಅಪಾಯವಿದೆ.

ಬೇಗ ತಿಳಿದರೆ ಇನ್ನೊಂದು ಲಾಭವಿದೆ. ಮೃತ್ಯುಪತ್ರ, ಬ್ಯಾಂಕಿನ ಜಂಟಿ ಖಾತೆ, ಹೊಲಮನೆಯ ಕಾಗದಪತ್ರಗಳನ್ನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ತಾವೇ ತೀರ್ಮಾನಿಸಬಹುದು. ಅವ್ವ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಎಲ್‌ಐಸಿ ಬಾಂಡ್ ಎಲ್ಲಿದೆ, ಬಂಗಾರ ಯಾರಿಗೆ, ಅದರ ಕೆಳಗೆ, "ನನ್ನನ್ನು ಕೋಣೆಯಲ್ಲಿ ಕೂಡಿಹಾಕಬೇಡಿ. ಸಂಜೆ ಸಿದ್ಧಾರೂಢ ಮಠಕ್ಕೆ ಕರೆದುಕೊಂಡು ಹೋಗಿ. ಗುರುತು ಸಿಗದಿದ್ದರೂ ಹೆಸರು ಹಿಡಿದು ಕರೆಯಿರಿ."

[ತೆರೆಯ ಮೇಲೆ: ಎಲ್ಲಿಗೆ ಹೋಗಬೇಕು?]

ಹುಬ್ಬಳ್ಳಿಯಲ್ಲಿ ನಾವೆಲ್ಲ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾದ ಡಿಮ್ಹಾನ್ಸ್ ಇವೆ. ಗದಗ, ಹಾವೇರಿಯವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರೇ ಕುಗ್ಗಿಹೋಗಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416. ವೈದ್ಯರಲ್ಲಿಗೆ ಹೋಗುವಾಗ ಮರೆವು ಇರುವವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಜೊತೆಗೆ ಬೆಂಗಳೂರಿನಿಂದ ಬಂದ ಮಗ ಹೋದರೆ ಸಾಲದು, ದಿನವೂ ಅವರ ಜೊತೆ ಇರುವ ಸೊಸೆಯೂ ಒಳಗೆ ಬರಲಿ. ಮರೆವು ಯಾವಾಗ ಶುರುವಾಯಿತು ಎಂದು ವೈದ್ಯರು ಕೇಳುತ್ತಾರೆ, ಅದಕ್ಕೆ ಉತ್ತರ ಗೊತ್ತಿರುವುದು ಅವಳಿಗೆ.